ಫ್ಲ್ಯಾಟ್‌ಬೆಡ್ ಸ್ಕ್ಯಾನರ್‌ನ 6400 ಡಿಪಿಐ ನಂಬಿ ದುಡ್ಡು ಕೊಡಬೇಡಿ

ಫಿಲ್ಮ್ ಸ್ಕ್ಯಾನ್ ಮಾಡಲು ಫ್ಲ್ಯಾಟ್‌ಬೆಡ್ (ಚಪ್ಪಟೆ ಗಾಜಿನ ಮೇಲಿಟ್ಟು ಸ್ಕ್ಯಾನ್ ಮಾಡುವ ಮೆಷಿನ್) ತಗೊಳ್ಳಬೇಕು ಅಂತ ಇರುವವರು ದಯವಿಟ್ಟು ಓದಿ. ಡಬ್ಬದ ಮೇಲೆ 6400 ಡಿಪಿಐ, ಅಂದರೆ ಇಂಚಿಗೆ 6400 ಚುಕ್ಕಿ, ಅಂತ ಇತ್ತು. ನನಗೆ ಸಿಕ್ಕಿದ್ದು 2300. ಅದೂ ಒಂದೇ ದಿಕ್ಕಿನಲ್ಲಿ!

"35 ಎಂಎಂ ನೆಗೆಟಿವ್‌ಗೆ 55 ಮೆಗಾಪಿಕ್ಸೆಲ್ ಬರುತ್ತೆ ಸರ್, ಇನ್ನೇನು ಬೇಕು?" ಅಂದಿದ್ದರು ಮಾರಿದವರು. ಒಂದು ಸ್ಯಾಂಪಲ್ ಕಳಿಸಿದರು. ಮೊಬೈಲ್ ಅಳತೆಗೆ ಇಳಿಸಿದ ಚಿತ್ರ. ಅಷ್ಟು ಚಿಕ್ಕದು ಮಾಡಿದರೆ ಯಾವ ಸ್ಕ್ಯಾನ್ ಆದರೂ ಶಾರ್ಪ್ ಆಗಿಯೇ ಕಾಣುತ್ತದೆ, ಅಲ್ವಾ? ಪೂರ್ತಿ ಅಳತೆಯ ಫೈಲ್ ಕೇಳಿದೆ. "ಕಳಿಸ್ತೀವಿ" ಅಂದರು. ಬರಲೇ ಇಲ್ಲ.

ಲೂಪ್ (ಚಿಕ್ಕ ಭೂತಗನ್ನಡಿ) ಇಟ್ಟರೆ ನೆಗೆಟಿವ್‌ನಲ್ಲಿ ಸೀರೆಯ ನೇಯ್ಗೆ ಕಾಣುತ್ತದೆ. ಸ್ಕ್ಯಾನ್‌ನಲ್ಲಿ ಬರೀ ಮಸುಕು. ಅನುಮಾನ ಬಂದು, ಗಾಜಿನ ಮೇಲೆ ಕ್ರೋಮ್ ಗೆರೆಗಳಿರುವ ಯುಎಸ್‌ಎಎಫ್ 1951 ಟಾರ್ಗೆಟ್ ತರಿಸಿದೆ. ಎಷ್ಟು ಸಣ್ಣ ವಿವರ ಬಿಡಿಯಾಗಿ ಕಾಣುತ್ತದೆ ಅಂತ ಅಳೆಯುವ ಪಟ್ಟಿ ಅದು: ಅಡ್ಡಕ್ಕೂ ಉದ್ದಕ್ಕೂ ಮೂರು ಮೂರು ಗೆರೆ ಇದ್ದರೆ ಒಂದು ಎಲಿಮೆಂಟ್, ಆರು ಎಲಿಮೆಂಟ್ ಸೇರಿ ಒಂದು ಗ್ರೂಪ್, ಮುಂದೆ ಹೋದಂತೆ ಗೆರೆ ಸಣ್ಣ. ಫಿಲ್ಮ್ ಕೂರುವ ಎತ್ತರಕ್ಕೇ ಇಟ್ಟು, ಶಾರ್ಪನಿಂಗ್ (ಸಾಫ್ಟ್‌ವೇರ್ ಅಂಚುಗಳನ್ನು ಎದ್ದು ಕಾಣಿಸುವುದು) ಪೂರ್ತಿ ಆಫ್ ಮಾಡಿ, 6400ರಲ್ಲೇ ಸ್ಕ್ಯಾನ್ ಮಾಡಿದೆ.

ಪರದೆ ಮೇಲೆ ದೊಡ್ಡದು ಮಾಡುತ್ತಾ ಹೋದೆ. ನಾಲ್ಕನೇ ಗ್ರೂಪ್‌ನಲ್ಲಿ ಮೂರು ಗೆರೆಗಳೂ ಬಿಡಿಬಿಡಿಯಾಗಿವೆ. ಐದನೇ ಗ್ರೂಪ್‌ನ ನಾಲ್ಕನೇ ಎಲಿಮೆಂಟ್‌ನಲ್ಲಿ ಕಣ್ಣು ಕಿರಿದು ಮಾಡಿ ಎಣಿಸಬಹುದು. ಅದರ ಮುಂದಿನದರಲ್ಲಿ ಮೂರೂ ಸೇರಿ ಒಂದೇ ಬೂದು ಪಟ್ಟಿ. ಮುಗೀತು. ನನ್ನ ಹೊಟ್ಟೆ ಉರಿದದ್ದು ಆಗ. ಆ ಎಲಿಮೆಂಟ್ ಅಂದರೆ ಮಿಲಿಮೀಟರಿಗೆ 45.3 ಜೋಡಿ ಗೆರೆ. ಒಂದು ಜೋಡಿಗೆ ಎರಡು ಚುಕ್ಕಿ, ಇಂಚಿಗೆ 25.4 ಮಿಲಿಮೀಟರ್, ಹಾಗಾಗಿ 50.8ರಿಂದ ಗುಣಿಸಿ: 2300. ನಿಜವಾಗಿ 6400 ಇದ್ದಿದ್ದರೆ 126 ಜೋಡಿ ಬಿಡಿಯಾಗಿ ಕಾಣಬೇಕಿತ್ತು. ಇನ್ನೊಂದು ದಿಕ್ಕಿನ ಗೆರೆಗಳು ಒಂದು ಎಲಿಮೆಂಟ್ ಮೊದಲೇ ಕಲೆತುಹೋದವು, ಅಂದರೆ ಸುಮಾರು 2050. 55 ಮೆಗಾಪಿಕ್ಸೆಲ್ ಅಂದಿದ್ದರಲ್ಲ, ಅದರಲ್ಲಿ ನಿಜವಾದ ವಿವರ 7 ಮೆಗಾಪಿಕ್ಸೆಲ್‌ನಷ್ಟೂ ಇಲ್ಲ. 16 ಬಿಟ್‌ನಲ್ಲಿ ಫೈಲ್ ಮಾತ್ರ 300 ಎಂಬಿ ದಾಟುತ್ತದೆ.

ಮಾರಿದವರ ಉತ್ತರಗಳನ್ನು ಕೇಳಿ. ಮೊದಲು, "ನಿಮ್ಮ ಫಿಲ್ಮೇ ಶಾರ್ಪ್ ಇಲ್ಲ." ಟಾರ್ಗೆಟ್ ಸ್ಕ್ಯಾನ್ ಕಳಿಸಿದೆ. "ಹೋಲ್ಡರ್ ಎತ್ತರ ಸರಿ ಮಾಡಿ." ಅಯ್ಯೋ, ಎತ್ತರ ಸರಿ ಮಾಡಿದ ಮೇಲೇ 2300 ಬಂದಿದ್ದು! "ಶಾರ್ಪನಿಂಗ್ ಹಾಕಿ." ಇಲ್ಲದ ಗೆರೆ ಶಾರ್ಪನಿಂಗ್‌ನಿಂದ ಹುಟ್ಟುತ್ತದಾ? ಕೊನೆಗೆ, "ಫೈಲ್‌ನಲ್ಲಿ 9000 ಪಿಕ್ಸೆಲ್ ಇದೆ ತಾನೇ? 6400 ಕೊಟ್ಟಿದ್ದೀವಿ. ಮೆಷಿನ್‌ನಲ್ಲಿ ದೋಷ ಇಲ್ಲ, ವಾಪಸ್ ತಗೊಳ್ಳಲ್ಲ."

ಪಿಕ್ಸೆಲ್ ಇದೆ, ಸರಿ. ಇಂಚಿಗೆ 6400 ಸಲ ಓದುತ್ತದೆ, ಅದೂ ಸರಿ. ಆದರೆ ಮುಂದಿರುವ ಲೆನ್ಸ್ ಅಷ್ಟು ಸಣ್ಣ ವಿವರ ಬಿಡಿಸಿ ಕೊಡಬೇಕಲ್ಲ! ಅದನ್ನು ಮಾರುವ ಮುಂಚೆ ಯಾಕೆ ಹೇಳಲಿಲ್ಲ? ಅಪ್ಪ ಅಮ್ಮನ ಮದುವೆ ಫೋಟೋ ಗೋಡೆ ತುಂಬ ಪ್ರಿಂಟ್ ಹಾಕಿಸ್ತೀನಿ ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿದ್ದೆ. ಈಗ ಯಾವ ಮುಖ ಇಟ್ಟುಕೊಂಡು ಏನು ಹೇಳಲಿ?

120 ಫಿಲ್ಮ್‌ಗೆ ಆದರೆ 2300 ಸಾಕಾಗಬಹುದು, ಫ್ರೇಮ್ ದೊಡ್ಡದು. 35 ಎಂಎಂಗೆ ಬೇಡವೇ ಬೇಡ. ತಗೊಳ್ಳಲೇಬೇಕು ಅಂದರೆ ಶಾರ್ಪನಿಂಗ್ ಇಲ್ಲದ ಟಾರ್ಗೆಟ್ ಸ್ಕ್ಯಾನ್ ಕೇಳಿ, ಪೂರ್ತಿ ಅಳತೆಯಲ್ಲಿ, ಎರಡೂ ದಿಕ್ಕಿನ ಗೆರೆ ಕಾಣುವ ಹಾಗೆ. "ಕಳಿಸ್ತೀವಿ" ಅಂತ ಸುಮ್ನೆ ಎಳೆದರೆ ಮಾತು ಅಲ್ಲಿಗೇ ನಿಲ್ಲಿಸಿ.