ರ‍್ಯಾಂಪ್ ಸರಿಯಿದೆ, ಬೆಂಚ್ ಸರಿಯಿಲ್ಲ: ವಿಜ್ಞಾನ ಕಟ್ಟಡವೊಂದರ ನಕ್ಷೆಯ ವಿಮರ್ಶೆ

ಕೋಲಾರ ಕಡೆಯ ಕ್ಯಾಂಪಸ್ಸೊಂದರ ಮೂರಂತಸ್ತಿನ ವಿಜ್ಞಾನ ಕಟ್ಟಡಕ್ಕೆ ವಿನ್ಯಾಸ ಕಚೇರಿಯೊಂದು ಮಾಡಿಕೊಟ್ಟ ನಕ್ಷೆ ಮತ್ತು ಅಂದಾಜು ಪಟ್ಟಿಯನ್ನು ಸ್ಕೇಲ್ ಹಿಡಿದು ನೋಡಿ ಬರೆದದ್ದಿದು. ಬಣ್ಣದ ಚಿತ್ರಗಳಲ್ಲಿ ಬಳ್ಳಿ, ಸೋಲಾರ್ ಎಲ್ಲ ಇವೆ. ಚಿತ್ರಕ್ಕೆ ಅಂಕವಿಲ್ಲ.

ಮೊದಲು ಒಳ್ಳೆಯದು. ಕಟ್ಟಡದ ಉದ್ದವನ್ನು ಪೂರ್ವ-ಪಶ್ಚಿಮಕ್ಕೆ ಇಟ್ಟು, ಕಿಟಕಿಗಳನ್ನು ಉತ್ತರಕ್ಕೂ ದಕ್ಷಿಣಕ್ಕೂ ತೆರೆದಿದ್ದಾರೆ. ದಕ್ಷಿಣದ ಬಿಸಿಲಿಗೆ ಛಜ್ಜಾ ಸಾಕು. ಪಶ್ಚಿಮದ ಇಳಿಬಿಸಿಲಿಗೆ ಛಜ್ಜಾ ಉಪಯೋಗಕ್ಕೆ ಬರುವುದಿಲ್ಲ, ಅದಕ್ಕೇ ಆ ಕಡೆ ಮೆಟ್ಟಿಲು, ಶೌಚಾಲಯ, ಸ್ಟೋರ್ ಹಾಕಿದ್ದಾರೆ. ಬಲ್ಲವರ ಕೆಲಸ.

ಪಾಯದ ಎತ್ತರ 600 ಮಿ.ಮೀ., ಅದಕ್ಕೆ 1:12 ಇಳಿಜಾರಿನ 7.2 ಮೀಟರ್ ರ‍್ಯಾಂಪ್. ಲೆಕ್ಕ ಸರಿ. ಆದರೆ ಮೇಲ್ಮೈಗೆ ಪಾಲಿಶ್ ಗ್ರಾನೈಟ್ ಬರೆದಿದ್ದಾರೆ. ಮೊದಲ ಮಳೆಗೇ ಊರುಗೋಲು ಜಾರುತ್ತದೆ. ಅದೇ ಕಲ್ಲನ್ನು, ಉರಿ ಹಾಯಿಸಿ ಮೇಲ್ಮೈ ತರಿಯಾಗಿಸುವ ಫ್ಲೇಮ್ ಫಿನಿಶ್‌ನಲ್ಲಿ ತರಿಸಿದರೆ ಮುಗಿಯಿತು.

ನಿಜವಾದ ತಕರಾರು ಲ್ಯಾಬ್ ಬಾಗಿಲು ದಾಟಿದ ಮೇಲೆ. ಬೆಂಚುಗಳೆಲ್ಲ 900 ಮಿ.ಮೀ. ಎತ್ತರ, ಕೆಳಗೆ ಪೂರ್ತಿ ಕಪಾಟು. ಗಾಲಿಕುರ್ಚಿಯ ವಿದ್ಯಾರ್ಥಿ ಲಿಫ್ಟ್ ಹತ್ತಿ ಬಂದು ಇಲ್ಲಿ ಪಕ್ಕದವರ ಪ್ರಯೋಗ ನೋಡುತ್ತಾ ಕೂರಬೇಕು. ಪ್ರತಿ ಲ್ಯಾಬಿನಲ್ಲಿ ಕನಿಷ್ಠ ಒಂದು ಬೆಂಚಾದರೂ ಸುಮಾರು 750 ಮಿ.ಮೀ. ಎತ್ತರದ್ದು ಬೇಕು: ಕೆಳಗೆ ಮೊಣಕಾಲಿಗೆ 700 ಮಿ.ಮೀ. ಎತ್ತರ, 900 ಮಿ.ಮೀ. ಅಗಲದ ಖಾಲಿ ಜಾಗ. ಸಿಂಕ್ 150 ಮಿ.ಮೀ.ಗಿಂತ ಆಳ ಬೇಡ, ಅದರ ಕೆಳಗಿನ ಬಾಗಿದ ಪೈಪ್ (ಟ್ರ್ಯಾಪ್) ಹಿಂದಿನ ಗೋಡೆಗೆ ಸರಿಯಬೇಕು. ಗ್ಯಾಸ್ ಕಾಕ್, ಪ್ಲಗ್ ಪಾಯಿಂಟ್ ಮುಂದಿನ ಅಂಚಿಗೆ ಬರಬೇಕು. ಕಾಗದದ ಮೇಲೆ ಇದಕ್ಕೆ ಖರ್ಚಿಲ್ಲ. ಕಲ್ಲು ಕೂರಿಸಿ ಪೈಪ್ ಎಳೆದ ಮೇಲೆ ಒಡೆದು ತೆಗೆಯಬೇಕು.

ಇನ್ನು ತುರ್ತು ಶವರ್. ಆಸಿಡ್ ಮೈಮೇಲೆ ಬಿದ್ದರೆ ನಿಮಿಷಕ್ಕೆ ಸುಮಾರು 75 ಲೀಟರ್‌ನಂತೆ 15 ನಿಮಿಷ ನೀರು ಸುರಿಯಬೇಕು, ಅಂದರೆ 1,100 ಲೀಟರ್ ಮೇಲೆಯೇ. ನಕ್ಷೆಯಲ್ಲಿರುವುದು 500 ಲೀಟರ್ ಟ್ಯಾಂಕ್, ಅದೂ ಶೌಚಾಲಯದ ಜೊತೆ ಹಂಚಿಕೊಂಡದ್ದು. ಶವರ್ ಕೆಳಗೆ ನೆಲಕ್ಕೆ ವಾಟವೂ ಇಲ್ಲ, ಡ್ರೈನೂ ಇಲ್ಲ. ನೀರಿನ ಬಿಸಿ 38 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಏಪ್ರಿಲ್‌ನ ಕೋಲಾರದಲ್ಲಿ ತಾರಸಿಯ ಕಪ್ಪು ಟ್ಯಾಂಕಿನ ನೀರು ಮಧ್ಯಾಹ್ನಕ್ಕೆ ಎಷ್ಟಿರುತ್ತದೆ ಎಂದು ನಲ್ಲಿ ತಿರುಗಿಸಿದ ಯಾರಿಗೂ ಗೊತ್ತು. ನೆರಳಿನಲ್ಲಿ ಪ್ರತ್ಯೇಕ ಟ್ಯಾಂಕ್, ಪೈಪಿಗೆ ಹೊದಿಕೆ ಬೇಕೇ ಬೇಕು. ಎಳೆಯುವ ಹಿಡಿಯೂ ಕೂತವರ ಕೈಗೆ ಸಿಗುವಂತೆ 1,200 ಮಿ.ಮೀ. ಎತ್ತರದೊಳಗೆ ಇರಲಿ.

ರಸಾಯನಶಾಸ್ತ್ರದ ಲ್ಯಾಬಿಗೆ ಎರಡು ಫ್ಯೂಮ್ ಹುಡ್ (ಪ್ರಯೋಗದ ಹೊಗೆಯನ್ನು ಹೊರಗೆಳೆಯುವ, ಮುಂದೆ ಗಾಜಿರುವ ಗೂಡು), ಜೊತೆಗೆ ಎಸಿ. 1.2 ಮೀಟರ್ ಅಗಲದ ಹುಡ್‌ನ ಗಾಜನ್ನು 45 ಸೆಂ.ಮೀ. ಎತ್ತಿ, ಗಾಳಿ ಸೆಕೆಂಡಿಗೆ ಅರ್ಧ ಮೀಟರ್ ಒಳಹೋಗುವಂತೆ ಇಟ್ಟರೆ ಒಂದೊಂದೂ ಗಂಟೆಗೆ ಸುಮಾರು 970 ಘನಮೀಟರ್ ಗಾಳಿ ಹೊರದೂಡುತ್ತದೆ. 264 ಘನಮೀಟರ್‌ನ ಆ ಕೋಣೆಯ ಗಾಳಿ ಎರಡೂ ಹುಡ್ ಸೇರಿ ಗಂಟೆಗೆ ಏಳು ಸಲ ಖಾಲಿ! ಎಸಿಯ ತಂಪಿಗೆ ಕೊಟ್ಟ ಕರೆಂಟೆಲ್ಲ ಚಿಮಣಿ ಪಾಲು. ಎಸಿ ತೆಗೆದು, ಉತ್ತರದ ಗೋಡೆಯಲ್ಲಿ ಹೊರಗಾಳಿಗೆ ಜಾಲರಿ ಕೊಡಿ. ಗಾಳಿ ಬರುವ ದಾರಿಯಿಲ್ಲದಿದ್ದರೆ ಹುಡ್ ಎಳೆಯುವುದೇ ಇಲ್ಲ, ಹೊಗೆ ಮುಖಕ್ಕೆ ಬರುತ್ತದೆ. ಹುಡ್‌ನ ಚಿಮಣಿಗಳು ಸೋಲಾರ್ ಫಲಕಗಳ ನಡುವೆಯೇ ಎದ್ದಿವೆ. ಅವು ತಾರಸಿಯಿಂದ ಮೂರು ಮೀಟರ್ ಮೇಲೇರಿ, ಒಂದು ಮೂಲೆಗೆ ಹೋಗಲಿ. ಆಸಿಡ್ ಆವಿಗೆ ಫಲಕದ ಫ್ರೇಮ್ ತಡೆಯದು.

ಮಳೆನೀರಿಗೆ 20,000 ಲೀಟರ್ ಸಂಪ್. 1,000 ಚದರ ಮೀಟರ್ ತಾರಸಿಗೆ 25 ಮಿ.ಮೀ. ಮಳೆ ಒಂದು ಬಿದ್ದರೆ ತುಂಬಿತು. ದೊಡ್ಡದು ಮಾಡಲು ದುಡ್ಡಿಲ್ಲವೆಂದರೂ ಪರವಾಗಿಲ್ಲ, ಆದರೆ ಈ ನೀರನ್ನು ಗಿಡಕ್ಕೆ ಬಿಡುವ ಬದಲು, ಲ್ಯಾಬಿಗೆ ಶುದ್ಧ ನೀರು ಮಾಡುವ ಡಿಸ್ಟಿಲೇಶನ್ ಯಂತ್ರಕ್ಕೆ ಕೊಡಿ. ಇಲ್ಲಿನ ಬೋರ್‌ವೆಲ್ ಗಡಸು ನೀರಿಗೆ ಹೀಟರ್ ಕಾಯಿಲ್ ಬಿಳಿ ಪೊರೆ ಕಟ್ಟಿ ಸುಟ್ಟುಹೋಗುತ್ತದೆ. ಲ್ಯಾಬ್ ಸಿಂಕ್‌ಗಳ ಪೈಪ್ ಮಾತ್ರ ಇಂಗುಗುಂಡಿಯ ಪಕ್ಕದಲ್ಲೇ ಹಾದಿದೆ. ಅದನ್ನು ದೂರ ಸರಿಸಿ, ಮೊದಲು ಆಸಿಡ್ ತಣಿಸುವ ಸುಣ್ಣದಕಲ್ಲಿನ ತೊಟ್ಟಿಗೆ ಬಿಡದೆ ಒಪ್ಪಬೇಡಿ.

ಈ ಕಚೇರಿ ಶುಲ್ಕದೊಳಗೆ ಎರಡು ಸಲ ನಕ್ಷೆ ತಿದ್ದಿಕೊಡುತ್ತದೆ, ಮೂರನೆಯದಕ್ಕೆ ಬೇರೆ ಬಿಲ್. ಮೊದಲ ತಿದ್ದುಪಡಿಯನ್ನು ಬಾಗಿಲಿನ ಬಣ್ಣಕ್ಕೆ ಕಳೆಯದೆ, ಸ್ಲ್ಯಾಬಿನೊಳಗೆ ಹೂತುಹೋಗುವ ಡ್ರೈನ್, ಪೈಪ್‌ಗಳಿಗೆ ಇಟ್ಟುಕೊಳ್ಳಿ.