ಡೆಲ್ ರೇ ಪ್ರಕಾಶನದ ವಿಡಿಯೋ ಗೇಮ್ ಕಾದಂಬರಿಗಳು: ಆಟ ಆಡದವನೊಬ್ಬನ ಓದು

ಧಾರವಾಡದ ನಮ್ಮ ಮನೆಯಲ್ಲಿ ಪ್ರಕಾಶಕರ ಹೆಸರು ನೋಡಿ ಪುಸ್ತಕ ಕೊಳ್ಳುವ ರೂಢಿಯಿತ್ತು. 1933ರಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆಯ ಪುಸ್ತಕವೆಂದರೆ ಲೇಖಕ ಹೊಸಬನಾದರೂ ತಂದೆಯವರು ಸುಭಾಸ ರಸ್ತೆಯ ಅಟ್ಟ ಹತ್ತಿ ತರುತ್ತಿದ್ದರು. ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ತಂಗಿಯ ಮಗ ‘ಮಾಮಾ, ಆಟ ಆಡೂದು ಬ್ಯಾಡ, ಇವನ್ನಷ್ಟ ಓದ್ರಿ’ ಎಂದು ವಿಡಿಯೋ ಗೇಮ್ ಆಧರಿಸಿದ ಎರಡು ಇಂಗ್ಲಿಷ್ ಕಾದಂಬರಿಗಳನ್ನು ಕೈಗಿತ್ತಾಗಲೂ ನಾನು ಮೊದಲು ನೋಡಿದ್ದು ಪ್ರಕಾಶಕರ ಹೆಸರನ್ನೇ. ಎರಡೂ ಡೆಲ್ ರೇ ಪ್ರಕಟಣೆಗಳು. ಜೂಡಿ-ಲಿನ್ ಮತ್ತು ಲೆಸ್ಟರ್ ಡೆಲ್ ರೇ ದಂಪತಿ 1977ರಲ್ಲಿ ಬ್ಯಾಲಂಟೈನ್ ಸಂಸ್ಥೆಯ ಅಡಿಯಲ್ಲಿ ಕಟ್ಟಿದ, ವೈಜ್ಞಾನಿಕ ಕಥೆಗಳಿಗೆ ಹೆಸರಾದ ಈ ಪ್ರಕಾಶನ ಮಕ್ಕಳ ಬಂದೂಕಿನಾಟಕ್ಕೇಕೆ ಕೈಹಾಕಿತು ಎಂಬ ಅನುಮಾನದಿಂದಲೇ ಓದಲು ಕುಳಿತೆ.

ಎರಿಕ್ ನೈಲಂಡ್ ಬರೆದ ‘ಹೇಲೋ: ದಿ ಫಾಲ್ ಆಫ್ ರೀಚ್’ ಆ ಅನುಮಾನವನ್ನು ಬಹುಮಟ್ಟಿಗೆ ಕಳೆಯಿತು. 2001ರ ನವೆಂಬರಿನಲ್ಲಿ ಹೇಲೋ ಆಟ ಬರುವುದಕ್ಕೆ ಕೆಲವೇ ವಾರ ಮೊದಲು ಈ ಕಾದಂಬರಿ ಬಂದಿತ್ತು. ಆಟ ತೊಡಗುವುದು ರೀಚ್ ಗ್ರಹ ಶತ್ರುವಶವಾದ ಮೇಲೆ. ಕಾದಂಬರಿ ಬಂದು ನಿಲ್ಲುವುದು ಅಲ್ಲಿಗೆ. ಹೀಗಾಗಿ ಇದು ಆಟದ ಕಥೆಯನ್ನೇ ಮತ್ತೆ ಬಿಸಿ ಮಾಡಿ ಬಡಿಸಿದ್ದಲ್ಲ. ಆಟದಲ್ಲಿ ಶಿರಸ್ತ್ರಾಣದ ಹಿಂದೆ ಮುಖವನ್ನೇ ತೋರಿಸದ ಯೋಧ ಇಲ್ಲಿ ಆರು ವರ್ಷದ ಹುಡುಗ. ಅವನನ್ನು ಪರೀಕ್ಷಿಸಲು ಡಾಕ್ಟರ್ ಹಾಲ್ಸಿ ಎಂಬ ವಿಜ್ಞಾನಿ ಒಂದು ನಾಣ್ಯವನ್ನು ಮೇಲಕ್ಕೆ ಚಿಮ್ಮುತ್ತಾಳೆ. ಅದು ನೆಲಕ್ಕೆ ಬೀಳುವ ಮೊದಲೇ ಹುಡುಗ ಗಪ್ಪನೆ ಹಿಡಿಯುತ್ತಾನೆ. ಆ ಚುರುಕುತನವೇ ಅವನಿಗೆ ಮುಳುವಾಗುತ್ತದೆ. ಹೆಚ್ಚು ದಿನ ಬದುಕದ ತದ್ರೂಪಿಗಳನ್ನು ಮನೆಗಳಲ್ಲಿ ಬಿಟ್ಟು ಸರ್ಕಾರ ಯೋಧರನ್ನಾಗಿ ಮಾಡಲು ಒಟ್ಟು 75 ಮಕ್ಕಳನ್ನು ಕದ್ದೊಯ್ಯುತ್ತದೆ. ಹದಿನಾಲ್ಕನೆಯ ವಯಸ್ಸಿನಲ್ಲಿ ನಡೆಯುವ ಶಸ್ತ್ರಚಿಕಿತ್ಸೆಯನ್ನು ದಾಟಿ ಗಟ್ಟಿಯಾಗಿ ನಿಲ್ಲುವವರು 33 ಮಂದಿ. ಈ ಭಾಗ ಓದಿದ ರಾತ್ರಿ ನನಗೆ ನಿದ್ದೆ ತಡವಾಗಿ ಬಂತು. ಉತ್ತರಾರ್ಧದ ಬಾಹ್ಯಾಕಾಶ ಯುದ್ಧಗಳು ಮಾತ್ರ ಉಗ್ರಾಣದ ಯಾದಿಯಂತಿವೆ, ಹಡಗುಗಳ ಹೆಸರಿನಲ್ಲೇ ಪುಟ ತುಂಬುತ್ತದೆ. ನಾನು ಕೆಲವನ್ನು ಹಾರಿಸಿದೆ ಎಂದು ಒಪ್ಪಿಕೊಳ್ಳುತ್ತೇನೆ.

2007ರ ‘ಮಾಸ್ ಎಫೆಕ್ಟ್: ರೆವೆಲೇಶನ್’ ಬರೆದ ಡ್ರೂ ಕಾರ್ಪಿಶಿನ್ ಆ ಆಟದ ಮುಖ್ಯ ಕಥೆಗಾರನೂ ಹೌದು. ಆಟದ ಲೋಕದ ಮೂಲೆಮೂಲೆಯನ್ನು ಬಲ್ಲವನ ಕೈ ಎಂಬುದು ಗೊತ್ತಾಗುತ್ತದೆ, ಆದರೆ ಬಲ್ಲದ್ದನ್ನೆಲ್ಲ ಹೇಳಿಬಿಡುವ ಆತುರವೂ ಕಾಣುತ್ತದೆ. ಆಟದ ಪಾತ್ರಗಳಾದ ಆಂಡರ್ಸನ್ ಮತ್ತು ಸೇರನ್ ನಡುವಿನ ಹಗೆಯ ಮೂಲ ತಿಳಿಯಬಯಸುವ ಆಟಗಾರರಿಗೆ ಇದು ಸಾಕು. ನನ್ನಂಥವರು ಹೇಲೋವನ್ನೇ ಮೊದಲು ಓದುವುದು ಒಳ್ಳೆಯದು.

ಕೊಳ್ಳುವವರಿಗೆ ಒಂದು ಮಾತು: ಹೇಲೋ ಮಾಲೆ ಮುಂದೆ ಬೇರೆ ಪ್ರಕಾಶಕರಾದ ಟಾರ್‌ಗೂ ಆಮೇಲೆ ಗ್ಯಾಲರಿ ಬುಕ್ಸ್‌ಗೂ ಹೋಗಿದ್ದು, ‘ದಿ ಫಾಲ್ ಆಫ್ ರೀಚ್’ ಕಾದಂಬರಿಯನ್ನು ಟಾರ್ 2010ರಲ್ಲಿ ಮರುಮುದ್ರಿಸಿದೆ. ನನಗೊಂದು ಸ್ವಂತ ಪ್ರತಿ ಇರಲೆಂದು ಆನ್‌ಲೈನ್‌ನಲ್ಲಿ ತರಿಸಿದಾಗ ಮಾರಾಟಗಾರ ತೋರಿಸಿದ ಚಿತ್ರ ಡೆಲ್ ರೇ ಪ್ರತಿಯದು, ಮನೆಗೆ ಬಂದದ್ದು ಟಾರ್‌ನದು, ಅದೂ ಮೂಲೆ ಮಡಚಿದ್ದು. ಕಥೆ ಅದೇ ಆದ್ದರಿಂದ ವಾಪಸು ಕಳಿಸದೆ ಇಟ್ಟುಕೊಂಡಿದ್ದೇನೆ.