ಅಥಣಿ ಚಪ್ಪಲಿಗೆ ಯಾವ ಚರ್ಮ? ಚೀಲದ ಹದ, ಕಾರ್ಖಾನೆ ಹದ, ಕ್ರೋಮ್: ಮೂರನ್ನೂ ಹೊಲಿದು ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಚೀಲದ ಹದದ ಎಮ್ಮೆ ಚರ್ಮಕ್ಕೆ. ಕಳೆದ ದೀಪಾವಳಿ ಹಂಗಾಮಿಗೆ ಮಹಾರಾಷ್ಟ್ರದ ಕಡೆಯ ಹಿರಿಯರೊಬ್ಬರಿಂದ ಅಂಥ ಚರ್ಮ ತಂದೆ. ಹಾಕಿದ ದುಡ್ಡಿನಲ್ಲಿ ಒಂದು ಪೈಸೆಯೂ ಹಾಳಾಗಲಿಲ್ಲ. ಅದೇ ಹೊತ್ತಿಗೆ ನನ್ನ ಮಗ ಕ್ರೋಮ್ ಚರ್ಮವನ್ನೂ ಕಾರ್ಖಾನೆಯಲ್ಲಿ ಹದವಾಗಿ ಬಂದ ಸೋಲ್ ಚರ್ಮವನ್ನೂ ತಂದಿದ್ದ. "ಅಪ್ಪಾ, ಈಗಿನ ಗಿರಾಕಿ ಮೆತ್ತಗಿಂದ ಕೇಳ್ತಾರ, ಒಮ್ಮೆ ಇದರಾಗೂ ಹೊಲ್ದು ನೋಡು" ಅಂದ. ಅವನ ಮಾತಿನಲ್ಲಿ ಸುಳ್ಳಿಲ್ಲ. 2025ರ ಜೂನ್‌ನಲ್ಲಿ ಮಿಲಾನ್‌ನ ಫ್ಯಾಷನ್ ಶೋದಲ್ಲಿ ನಮ್ಮ ಕೊಲ್ಹಾಪುರಿ ಮಾದರಿಯ, ಹೆಬ್ಬೆರಳು ತೂರಿಸುವ ಉಂಗುಟದ ಚಪ್ಪಲಿ ಕಾಣಿಸಿಕೊಂಡ ಮೇಲೆ ಊರಾಚೆಯಿಂದ ಕೇಳುವವರು ಬೇರೆ ಥರದವರು. ಹುಟ್ಟಿದಾಗಿನಿಂದ ಶೂ ಹಾಕಿ ಬೆಳೆದ ಕಾಲು ಅವರದು. ಹಾಗಾಗಿ ಒಂದೇ ಅಳತೆ, ಒಂದೇ ನಮೂನೆ ಹಿಡಿದು ಮೂರೂ ಚರ್ಮದಲ್ಲಿ ಜೋಡು ಹೊಲಿದು, ಮನೆಯವರಿಗೂ ನಂಬಿಕೆಯ ಗಿರಾಕಿಗಳಿಗೂ ಕೊಟ್ಟು ಮೆಟ್ಟಿಸಿದೆ.

ಚೀಲದ ಹದ ನೋಡದವರಿಗಾಗಿ ಒಂದಿಷ್ಟು ಹೇಳಬೇಕು. ಸುಣ್ಣದಲ್ಲಿ ನೆನೆಸಿ, ಕೂದಲು ಮಾಂಸ ಹೆರೆದ ಹಸಿ ಚರ್ಮವನ್ನು ಚೀಲದ ಹಾಗೆ ಸುತ್ತಲೂ ಹೊಲಿಯುತ್ತಾರೆ. ಅದರೊಳಗೆ ಜಾಲಿ ಚಕ್ಕೆ, ಕುಟ್ಟಿದ ಅಳಲೆಕಾಯಿ, ನೀರು ತುಂಬಿ ಮೂರು ಕಾಲಿನ ಗಳಕ್ಕೆ ತೂಗಹಾಕುತ್ತಾರೆ. ಒಗರು ರಸ ಒಳಗಿನಿಂದ ಚರ್ಮದ ಎಳೆ ಎಳೆಗೂ ಇಳಿದು ಕೆಳಗಿನ ಪಾತ್ರೆಗೆ ತೊಟ್ಟಿಕ್ಕುತ್ತದೆ. ಅದನ್ನೇ ಮತ್ತೆ ಮತ್ತೆ ಮೇಲಿಂದ ಸುರಿಯಬೇಕು. ಕೆಲವು ದಿನ ಕಳೆದ ಮೇಲೆ ಚೀಲವನ್ನು ತಲೆಕೆಳಗು ಮಾಡಿ ಕಟ್ಟಬೇಕು, ಇಲ್ಲದಿದ್ದರೆ ಮೇಲ್ಭಾಗ ಹಸಿಯಾಗೇ ಉಳಿಯುತ್ತದೆ. ಚಿಕ್ಕವನಿದ್ದಾಗ ಅಪ್ಪ ನನ್ನನ್ನು ಹದ ಮಾಡುವಲ್ಲಿಗೆ ಕರೆದೊಯ್ಯುತ್ತಿದ್ದರು. ತೂಗುವ ಚೀಲಕ್ಕೆ ಬೆರಳೊತ್ತಿ, ಹೊರಗೆ ಬಂದ ಹನಿಯನ್ನು ನಾಲಿಗೆಗೆ ಮುಟ್ಟಿಸಿ, ಒಗರು ಸಾಲದು ಅನಿಸಿದರೆ "ಇನ್ನೊಂದು ವಾರ ಇರಲಿ" ಎಂದು ಬರಿಗೈಲಿ ತಿರುಗಿ ಬರುತ್ತಿದ್ದರು. ನಮ್ಮ ಅಂಗಡಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಶರಣ ದಂಪತಿ ಹರಳಯ್ಯ ಕಲ್ಯಾಣಮ್ಮನವರ ಪಟದ ಪಕ್ಕದಲ್ಲೇ ಚರ್ಮ ಹದ ಮಾಡುತ್ತಿದ್ದ ಶರಣ ಡೋಹರ ಕಕ್ಕಯ್ಯನವರ ಪಟವೂ ಇದೆ. ಹೊಲಿಯುವವರು ಹದ ಮಾಡುವವರನ್ನು ಮರೆಯಬಾರದು ಅಂತ ಅಪ್ಪ ಹಾಕಿಸಿದ್ದು.

ಕಾರ್ಖಾನೆ ಹದವೂ ತೊಗಟೆ ರಸದ್ದೇ, ಆದರೆ ಡ್ರಮ್ಮಿನಲ್ಲಿ ತಿರುಗಿಸಿ, ರೋಲರ್ ಕೆಳಗೆ ಒತ್ತಿ ಹಲಗೆಯಷ್ಟು ಬಿಗಿ ಮಾಡಿರುತ್ತಾರೆ. ಕ್ರೋಮ್ ಪೂರ್ತಿ ಬೇರೆ ದಾರಿ. ಕ್ರೋಮಿಯಂ ಉಪ್ಪಿನಲ್ಲಿ ಒಂದೆರಡು ದಿನಕ್ಕೇ ಹದವಾಗುತ್ತದೆ. ಮೆತ್ತಗೆ, ಹಗುರ, ಬೇಕಾದ ಬಣ್ಣಕ್ಕೆ ಸಿಗುತ್ತದೆ.

ಈಗ ಉಂಗುಟದ ಮಾತಿಗೆ ಬರೋಣ, ಏಕೆಂದರೆ ನನ್ನ ತೀರ್ಮಾನ ನಿಂತಿರುವುದೇ ಅದರ ಮೇಲೆ. ನಮ್ಮ ಚಪ್ಪಲಿಗೆ ಹಿಮ್ಮಡಿ ಪಟ್ಟಿ ಇಲ್ಲ, ಬಕಲ್ ಇಲ್ಲ. ಕಾಲನ್ನು ಹಿಡಿಯುವುದು ಮೇಲಿನ ಪಟ್ಟಿ ಮತ್ತು ಹೆಬ್ಬೆರಳ ಉಂಗುಟ, ಎರಡೇ. ಪ್ರತಿ ಹೆಜ್ಜೆಗೂ ಹಿಮ್ಮಡಿ ಎದ್ದಾಗ ಅಟ್ಟೆಯ, ಅಂದರೆ ಚಪ್ಪಲಿ ತಳದ, ಭಾರವೆಲ್ಲ ಆ ಬೆರಳಗಲದ ಚರ್ಮಕ್ಕೆ ಜೋತುಬೀಳುತ್ತದೆ. ಉಂಗುಟ ನೂಲೆಳೆಯಷ್ಟು ಸಡಿಲಾದರೂ ಮೆಟ್ಟಿದವರು ಬೆರಳು ಮಡಚಿ ಹಿಡಿದು ನಡೆಯಲು ಶುರುಮಾಡುತ್ತಾರೆ. ಸಂಜೆಗೆ ಮೀನಖಂಡ ನೋವು, ಬೆರಳಸಂದಿಯಲ್ಲಿ ಬೊಕ್ಕೆ.

ಕ್ರೋಮ್ ಜೋಡು ಮೊದಲ ದಿನ ಎಲ್ಲರಿಗೂ ಹಿಡಿಸಿತು. ಅಂಗಡಿಯಲ್ಲಿ ಮೆಟ್ಟಿ ನಾಲ್ಕು ಹೆಜ್ಜೆ ಹಾಕಿದರೆ ಅದರಷ್ಟು ಹಿತ ಬೇರೊಂದಿಲ್ಲ. ಹೊಲಕ್ಕೆ ಹೋಗಿಬರುವ ತಮ್ಮನಂಥವನೊಬ್ಬನಿಗೆ ಕೊಟ್ಟಿದ್ದೆ. ತಿಂಗಳೊಪ್ಪತ್ತಿನಲ್ಲಿ ಬಂದು, "ಮಾಮಾ, ಇದರ ಉಂಗುಟ ಕಾಲಾಗ ನಿಲ್ಲವಲ್ದು" ಅಂದ. ನೋಡಿದರೆ ಎರಡು ಬೆರಳು ತೂರುವಷ್ಟು ಹಿಗ್ಗಿದೆ. ಬಿಚ್ಚಿ, ಒಂದಿಷ್ಟು ಕತ್ತರಿಸಿ ಮತ್ತೆ ಹೊಲಿದುಕೊಟ್ಟೆ. ಮತ್ತೆ ಹಿಗ್ಗಿತು. ಎರಡು ಪದರದ ನಡುವೆ ನೂಲಿನ ಪಟ್ಟಿ ಇಟ್ಟು ಅಂಟಿಸಿ ಹೊಲಿದೆ. ಆಗ ಹಿಗ್ಗುವುದು ನಿಂತಿತು, ಆದರೆ ಚರ್ಮ ಒಂದು ಕಡೆ ಎಳೆದು, ಪಟ್ಟಿ ಇನ್ನೊಂದು ಕಡೆ ಹಿಡಿದು, ಅಂಚು ಸುರುಳಿಯಾಗಿ ಬೆರಳು ಕೊರೆಯತೊಡಗಿತು. ಕ್ರೋಮ್‌ನ ಗುಣವೇ ಅದು: ಎಳೆದರೆ ಬರುತ್ತದೆ, ಕೊಟ್ಟ ಆಕಾರದಲ್ಲಿ ನಿಲ್ಲುವುದಿಲ್ಲ.

ಚೀಲದ ಹದದ್ದರಲ್ಲಿ ಹಾಗಲ್ಲ. ಉಂಗುಟವನ್ನು ಒದ್ದೆ ಮಾಡಿ, ಹೆಬ್ಬೆರಳ ಗಾತ್ರದ ಮರದ ಗೂಟ ತೂರಿಸಿ ನೆರಳಲ್ಲಿ ಒಣಗಲು ಬಿಡಿ. ಒಣಗಿದ ಮೇಲೆ ಗೂಟ ತೆಗೆದರೆ ಆ ದುಂಡು ಅಲ್ಲೇ ಉಳಿದಿರುತ್ತದೆ. ಮೊದಲ ವಾರ ಬೆರಳಿಗೆ ಕಚ್ಚುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಒಳಬದಿಗೆ ಒಂದು ಹನಿ ಹರಳೆಣ್ಣೆ ಸವರಿ, ಮನೆಯೊಳಗೆ ಒಂದೊಂದು ತಾಸು ಮೆಟ್ಟಿ ಪಳಗಿಸಬೇಕು. ಆಮೇಲೆ ಅದು ನಿಮ್ಮ ಕಾಲಿಗೇ ಅಂತ ಆಗಿಬಿಡುತ್ತದೆ. ಇನ್ನೊಂದು ಮಾತು, ಹೊಸದಾಗಿ ಕಲಿಯುವ ಹುಡುಗರಿಗೆ: ಉಂಗುಟವನ್ನು ಬೆನ್ನಿನ ಭಾಗದಿಂದಲೇ, ಬೆನ್ನೆಲುಬಿನ ಉದ್ದಕ್ಕೆ ಕತ್ತರಿಸಿ. ಹೊಟ್ಟೆಯ ಭಾಗ ಸಡಿಲು. ಎಷ್ಟೇ ಒಳ್ಳೆಯ ಹದವಿದ್ದರೂ ಅಲ್ಲಿಂದ ತೆಗೆದ ಉಂಗುಟ ಜೋಲುತ್ತದೆ. ಉಳಿದ ಚೂರಿನಲ್ಲಿ ಉಂಗುಟ ಮಾಡುವ ಚಾಳಿ ಎಷ್ಟೋ ಕಡೆ ಇದೆ, ಗಿರಾಕಿ ಮತ್ತೆ ಬಾರದಿರಲು ಅದೊಂದೇ ಸಾಕು.

ಹೊಲಿಗೆಯಲ್ಲೂ ವ್ಯತ್ಯಾಸ ಕೈಗೆ ತಿಳಿಯುತ್ತದೆ. ಅಟ್ಟೆಯನ್ನು ನಾವು ಮೊಳೆ ಹೊಡೆದು ಕೂಡಿಸುವುದಿಲ್ಲ, ಚರ್ಮದ ದಾರದಲ್ಲೇ ಹೊಲಿಯುತ್ತೇವೆ. ತೊಗಟೆ ಹದದ ಚರ್ಮದಲ್ಲಿ ಉಳಿ ಚುಚ್ಚಿದರೆ ತೂತು ತೂತಾಗಿಯೇ ಇರುತ್ತದೆ. ದಾರ ಎಳೆದು ಒದ್ದೆ ಇದ್ದಾಗಲೇ ಬಡಿದರೆ ಒಣಗುವಾಗ ತಾನಾಗಿ ಬಿಗಿಯುತ್ತದೆ. ಕ್ರೋಮ್ ಅಟ್ಟೆಯಲ್ಲಿ ಉಳಿ ತೆಗೆದ ತಕ್ಷಣ ತೂತು ಮುಚ್ಚಿಕೊಳ್ಳುತ್ತದೆ, ದಾರ ಹರಿಯುತ್ತದೆ. ನೈಲಾನ್ ದಾರ ಹಾಕಿದರೆ ಸಲೀಸು, ಆದರೆ ಮುಂದೆ ಅದೇ ದಾರ ಚರ್ಮವನ್ನು ಕೊಯ್ಯುತ್ತದೆ.

ಚೀಲದ ಹದಕ್ಕೆ ತನ್ನದೇ ತಕರಾರು ಇಲ್ಲವೆಂದಲ್ಲ. ಒದ್ದೆ ಇದ್ದಾಗ ಕಬ್ಬಿಣ ತಾಗಿಸಿಟ್ಟರೆ ಕಪ್ಪು ಕಲೆ ಬೀಳುತ್ತದೆ, ಒಗರು ರಸವೂ ಕಬ್ಬಿಣವೂ ಕೂಡಿದರೆ ಶಾಯಿಯೇ. ನಿಂಬೆರಸ ಹಚ್ಚಿ ತೊಳೆದರೆ ಬಹಳಷ್ಟು ಹೋಗುತ್ತದೆ. ನಾನಂತೂ ಒದ್ದೆ ಕೆಲಸಕ್ಕೆ ಹಿತ್ತಾಳೆ ಸುತ್ತಿಗೆ ಇಟ್ಟುಕೊಂಡಿದ್ದೇನೆ. ಕಪ್ಪು ಚಪ್ಪಲಿ ಬೇಕೆಂದವರಿಗೆ ಇದೇ ಗುಣವನ್ನು ಬಳಸಿಕೊಂಡು, ಬೆಲ್ಲದ ನೀರಿನಲ್ಲಿ ತುಕ್ಕು ಕಬ್ಬಿಣ ನೆನೆಹಾಕಿ ಆ ನೀರು ಸವರುತ್ತೇನೆ. ಅಂಗಡಿ ಬಣ್ಣದ ಹಾಗೆ ಕಾಲಿಗೆ ಹತ್ತುವುದಿಲ್ಲ.

ಮಳೆಯಲ್ಲಿ ಕ್ರೋಮ್ ಗೆಲ್ಲುತ್ತದೆ. ಅಥಣಿ ಸೀಮೆ ಒಣ ಸೀಮೆ, ನಮಗೆ ನಡೆಯಿತು. ಶಿರಸಿಯಿಂದಲೋ ತೀರ್ಥಹಳ್ಳಿಯಿಂದಲೋ ಫೋನ್ ಮಾಡಿದವರಿಗೆ ಜೂನ್‌ನಿಂದ ನಾಲ್ಕು ತಿಂಗಳು ನಮ್ಮ ಚಪ್ಪಲಿ ಮೆಟ್ಟಬೇಡಿ ಎಂದೇ ಹೇಳುತ್ತೇನೆ.

ಕೊಳ್ಳುವಾಗಿನ ತೊಡಕೂ ಒಂದಿದೆ. ಕ್ರೋಮ್ ಚರ್ಮ ಚದರಡಿ ಲೆಕ್ಕ, ಅಳೆದು ತರಬಹುದು. ಅಟ್ಟೆಯ ಚರ್ಮ ಕಿಲೋ ಲೆಕ್ಕ. ಕೊನೆಗೆ ಉಪ್ಪು ತಿಕ್ಕುವ ಪದ್ಧತಿ ಇದೆ, ಸರಿಯಾಗಿ ಒಣಗದಿದ್ದರೆ ತೇವವೂ ಉಪ್ಪೂ ತೂಕಕ್ಕೆ ಬರುತ್ತವೆ. ಚರ್ಮ ಮಡಚಿ ನೋಡಿ, ಬಿಳಿ ಪುಡಿ ಎದ್ದರೆ ಬೆಲೆ ಇಳಿಸಿ ಕೇಳಿ. ಅಂಚನ್ನು ರಂಪಿಗೆಯಿಂದ ಕೊಯ್ದು ನೋಡಿ: ಮೇಲಿಂದ ಕೆಳಗೆ ಒಂದೇ ಕಂದು ಇರಬೇಕು. ನಡುವೆ ಬಿಳಿಚು ಗೆರೆ ಕಂಡರೆ ರಸ ಒಳಗೆ ಇಳಿದಿಲ್ಲ, ಅಂಥದ್ದು ಮುಂದೆ ಬಿರಿಯುತ್ತದೆ. ತಿಳಿನೀಲಿ ಬೂದು ಕಂಡರೆ ಅದು ಕ್ರೋಮ್, ಮೇಲೆ ಬರೀ ಕಂದು ಬಣ್ಣ. ಅನುಮಾನವಿದ್ದರೆ ಒಂದು ಚೂರನ್ನು ಕುದಿಯುವ ನೀರಿಗೆ ಹಾಕಿ, ತೊಗಟೆ ಹದದ್ದು ಮುದುಡುತ್ತದೆ, ಕ್ರೋಮ್ ಹಾಗೇ ಇರುತ್ತದೆ. ಕ್ರೋಮ್ ಚೂರುಗಳನ್ನು ಮಾತ್ರ ಒಲೆಗೆ ಹಾಕಬೇಡಿ. ಸುಟ್ಟಾಗ ಅದರೊಳಗಿನ ಕ್ರೋಮಿಯಂ ವಿಷದ ರೂಪಕ್ಕೆ ತಿರುಗಬಹುದು.

ಕಾರ್ಖಾನೆ ಸೋಲ್ ಬಗ್ಗೆ ಹೆಚ್ಚು ದೂರಿಲ್ಲ. ದಪ್ಪ ಒಂದೇ ಸಮ, ಕತ್ತರಿಸುವಾಗ ನಷ್ಟ ಕಡಿಮೆ. ಉಳಿ ಇಳಿಯುವುದು ಕಷ್ಟ, ಸಂಜೆಗೆ ಮಣಿಕಟ್ಟು ಹಿಡಿಯುತ್ತದೆ. ಪಾದ ತಾಗುವ ಮೇಲಟ್ಟೆಗೆ ಅದು ಬೇಡ: ಬೆವರು ಕುಡಿಯುವುದಿಲ್ಲ, ಕಾಲಿನ ಅಚ್ಚೂ ಕೂರುವುದಿಲ್ಲ. ನೆಲ ತಾಗುವ ಕೆಳಗಿನ ಅಟ್ಟೆಗೆ ಚೆನ್ನ.

ನನ್ನ ಲೆಕ್ಕ ಇದು. ನಾನು ಕೂತು ಕೈಯಲ್ಲೇ ಹೊಲಿಯುವವನು, ಒಂದು ಸಲಕ್ಕೆ ಕೆಲವೇ ಚರ್ಮ ರೊಕ್ಕ ಕೊಟ್ಟು ತರುವವನು, ಹರಿದ ಚಪ್ಪಲಿ ರಿಪೇರಿಗೆ ನನ್ನ ಬಾಗಿಲಿಗೇ ಬರುತ್ತದೆ. ಅದಕ್ಕೇ ಮೇಲಟ್ಟೆ, ಪಟ್ಟಿ, ಉಂಗುಟ ಚೀಲದ ಹದದ್ದು, ಹೆಣಿಗೆಗೆ ತೊಗಟೆ ಹದದ ಆಡಿನ ಚರ್ಮ, ದೊಡ್ಡ ಆರ್ಡರ್ ಬಂದಾಗ ಕೆಳಗಿನ ಅಟ್ಟೆ ಮಾತ್ರ ಕಾರ್ಖಾನೆಯದು. ಮಷಿನ್ ಹೊಲಿಗೆಯವರಿಗೆ, ತಿಂಗಳಿಗೊಮ್ಮೆ ಅಂಗಡಿಗಳಿಗೆ ಮಾಲು ಕಳಿಸುವವರಿಗೆ ಲೆಕ್ಕ ಬೇರೆ ಬರಬಹುದು. ಆದರೆ ಕ್ರೋಮ್‌ನಲ್ಲಿ ಹೊಲಿದದ್ದನ್ನು ಕೊಲ್ಹಾಪುರಿ ಅಂತ ಮಾರುವುದನ್ನು ನಾನು ಒಪ್ಪುವುದಿಲ್ಲ. ಆ ಹೆಸರಿನ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡಕ್ಕೂ ಸೇರಿದ್ದು, ಅದು ಸಿಕ್ಕಿರುವುದು ತೊಗಟೆ ಹದದ ಚಪ್ಪಲಿಗೆ. ಮಗನಿಗೂ ಇದನ್ನೇ ಹೇಳಿದ್ದೇನೆ. ಉಳಿದ ಕ್ರೋಮ್ ಚರ್ಮದಲ್ಲಿ ಅವನು ಈಗ ಪಾಕೀಟು, ಹೆಗಲ ಚೀಲ ಹೊಲಿಯುತ್ತಿದ್ದಾನೆ. ಅದಕ್ಕೆ ಆ ಚರ್ಮ ಬಹಳ ಚೆನ್ನಾಗಿ ಒಪ್ಪುತ್ತದೆ.